ಯುರೇನಿಯಂ ಒನ್ ಗಲಾಟೆ: ಗಣಿ ಮಾರಿದ್ಯಾರು, ದುಡ್ಡು ಕೊಟ್ಟಿದ್ಯಾರು, ಜೈಲಿಗೆ ಹೋಗಿದ್ಯಾರು

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಹಿಲರಿ ಕ್ಲಿಂಟನ್ ಅಮೆರಿಕದ 20 ಪರ್ಸೆಂಟ್ ಯುರೇನಿಯಂನ ರಷ್ಯಾಗೆ ಮಾರಿ ಕೋಟಿಗಟ್ಟಲೆ ಹೊಡೆದ್ರು ಅಂತ, ಕೆಳಗೆ ಹಳದಿ ಡ್ರಮ್ಮುಗಳ ಫೋಟೋ ಬೇರೆ. ಡಲ್ಲಾಸಲ್ಲಿರೋ ಕಸಿನ್ ‘ಪಕ್ಕಾ ನಿಜ’ ಅಂದ, ಅವನ ಹೆಂಡತಿ ಅದೇ ಗ್ರೂಪಲ್ಲಿ ‘ಪಕ್ಕಾ ಸುಳ್ಳು’ ಅಂದ್ಲು, ಆಮೇಲೆ ಇಬ್ಬರೂ ಎರಡು ದಿನ ಗುಡ್ ಮಾರ್ನಿಂಗ್ ಕೂಡ ಹಾಕ್ಲಿಲ್ಲ. ನಮ್ಮ ಸೋದರಮಾವ ಮಾತ್ರ ನನಗೆ ಫೋನ್ ಮಾಡಿ ಕೇಳಿದ್ದು ಸರಿಯಾದ ಪ್ರಶ್ನೆ: "ಅಲ್ಲ ಕಣೋ, ಯುರೇನಿಯಂ ಏನು ಅಕ್ಕಿ ಮೂಟೆನೇನೋ, ಯಾರೋ ಒಬ್ರು ತಗೊಂಡ್ಹೋಗಿ ಮಾರಿಬಿಡೋಕೆ?"

ಮಾವನಿಗೆ ಫೋನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಬರೀತಿದೀನಿ. ಮೊದಲೇ ಒಂದು ಮಾತು. ಆ ಫಾರ್ವರ್ಡಲ್ಲಿರೋದು ಒಂದು ಕಥೆ ಅಲ್ಲ, ಮೂರು. ಒಂದು ಯುರೇನಿಯಂ ಒನ್ ಅನ್ನೋ ಗಣಿ ಕಂಪನಿ ರಷ್ಯಾ ಕೈಗೆ ಹೋದ ಕಥೆ, ಒಂದು ದಾನದ ದುಡ್ಡಿನ ಕಥೆ, ಇನ್ನೊಂದು ಲಾರಿ ಸಾಗಾಣಿಕೆಯಲ್ಲಿ ನಡೆದ ಲಂಚದ ಕಥೆ. ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿರೋದ್ರಿಂದ ಯಾವುದು ಸಾಬೀತಾಯ್ತು ಯಾವುದು ಇಲ್ಲ ಅಂತ ಯಾರಿಗೂ ಗೊತ್ತಾಗ್ತಿಲ್ಲ.

ಯುರೇನಿಯಂಗೂ ಬಾಂಬಿಗೂ ಎಷ್ಟು ದೂರ

ಯುರೇನಿಯಂ ಅಂದ ತಕ್ಷಣ ಎಲ್ಲರ ತಲೆಯಲ್ಲೂ ಬಾಂಬೇ ಬರೋದು. ನೆಲದಿಂದ ತೆಗೆದ ಯುರೇನಿಯಂಗೂ ಬಾಂಬಿಗೂ ನಡುವೆ ದೊಡ್ಡ ದಾರಿ ಇದೆ.

ಸಾವಿರ ಕಾಳು ಬಿಳಿ ಅಕ್ಕಿ ತಗೊಳ್ಳಿ, ಅದರಲ್ಲಿ ಏಳೇ ಏಳು ಕೆಂಪಕ್ಕಿ ಕಾಳು ಸೇರಿದೆ ಅಂದ್ಕೊಳ್ಳಿ. ಪ್ರಕೃತಿಯಲ್ಲಿ ಸಿಗೋ ಯುರೇನಿಯಂ ಇರೋದು ಹಾಗೆ. ಸಾವಿರಕ್ಕೆ ಏಳರಷ್ಟು ಪರಮಾಣು ಮಾತ್ರ ಯುರೇನಿಯಂ-235, ರಿಯಾಕ್ಟರಿಗೆ ಮುಖ್ಯವಾಗಿ ಬೇಕಾಗಿರೋದು ಅದು. ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಯುರೇನಿಯಂ-238. ಅಮೆರಿಕದ ರಿಯಾಕ್ಟರುಗಳಿಗೆ ಆ ಕೆಂಪಕ್ಕಿ ಪಾಲು 3ರಿಂದ 5 ಪರ್ಸೆಂಟಿಗೆ ಏರಬೇಕು, ಬಾಂಬಿಗೆ ಸುಮಾರು 90ಕ್ಕೆ. ಹೀಗೆ ಏರಿಸೋ ಕೆಲಸಕ್ಕೆ ಎನ್ರಿಚ್‌ಮೆಂಟ್ ಅಂತಾರೆ, ಕನ್ನಡದಲ್ಲಿ ಸಂವರ್ಧನೆ. 235, 238 ಎರಡೂ ಒಂದೇ ಧಾತು, ತೂಕದಲ್ಲಿ ಕೂದಲೆಳೆ ವ್ಯತ್ಯಾಸ, ಹಾಗಾಗಿ ಬೇರೆ ಮಾಡೋದು ಮಹಾ ಕಷ್ಟ, ಅದಕ್ಕೆ ಬೇಕಾದ ಯಂತ್ರಗಳು ಕೆಲವೇ ದೇಶಗಳ ಹತ್ರ ಇರೋದು. (ನಮ್ಮ ಕೈಗಾದಲ್ಲಿರೋ ರಿಯಾಕ್ಟರುಗಳಿಗೆ ಈ ತಾಪತ್ರಯ ಇಲ್ಲ, ಅವು ಭಾರಜಲ ಬಳಸೋದ್ರಿಂದ ಸಾವಿರಕ್ಕೆ ಏಳೇ ಇರೋ ಯುರೇನಿಯಂನಲ್ಲೇ ಓಡ್ತವೆ. ಅದರಲ್ಲಿ ಒಂದು ಘಟಕ 2018ರ ಕೊನೆವರೆಗೂ 962 ದಿನ ನಿಲ್ಲದೇ ಓಡಿ ವಿಶ್ವದಾಖಲೆ ಮಾಡಿತ್ತು.)

ನಮ್ಮ ಕಥೆಯಲ್ಲಿರೋ ಅಮೆರಿಕದ ಗಣಿಗಳಲ್ಲಿ ಗುಡ್ಡ ಅಗೆಯೋದು, ಸುರಂಗ ಕೊರೆಯೋದು ಏನೂ ಇಲ್ಲ. ವಯೋಮಿಂಗ್ ರಾಜ್ಯದ ಬಯಲಲ್ಲಿ ಸಾಲಾಗಿ ಬೋರ್‌ವೆಲ್ ಹಾಕಿರ್ತಾರೆ. ಒಂದು ಬೋರಿಂದ ಆಕ್ಸಿಜನ್ ಮತ್ತೆ ಸೋಡಾ ಥರದ್ದು ಬೆರೆಸಿದ ನೀರನ್ನ ಕೆಳಗೆ ಬಿಡ್ತಾರೆ, ಆ ನೀರು ಮರಳುಗಲ್ಲಿನ ಮಧ್ಯೆ ಹರಿದು ಯುರೇನಿಯಂನ ಕರಗಿಸ್ಕೊಳ್ಳುತ್ತೆ, ಪಕ್ಕದ ಬೋರಿಂದ ಮೇಲಕ್ಕೆ ಎಳೀತಾರೆ. ಫಿಲ್ಟರಿಗೆ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಸ್ತೀವಲ್ಲ, ಹೆಚ್ಚುಕಮ್ಮಿ ಅದೇ, ಇಲ್ಲಿ ಇಳಿಯೋ ಬದಲು ಮೇಲಕ್ಕೆ ಬರುತ್ತೆ ಅಷ್ಟೇ. ಅದನ್ನ ಸೋಸಿ ಒಣಗಿಸಿದ್ರೆ ಸಿಗೋ ಪುಡಿನೇ ಯೆಲ್ಲೋಕೇಕ್. ಹೆಸರು ಹಳದಿ, ಎಷ್ಟೋ ಸಲ ಕಡು ಹಸಿರು ಇಲ್ಲಾ ಕಪ್ಪಗೂ ಇರುತ್ತೆ. ನಮ್ಮಲ್ಲಿ ಟಾರು ತುಂಬ್ತಾರಲ್ಲ ಅಷ್ಟು ಗಾತ್ರದ, ಸುಮಾರು 200 ಲೀಟರಿನ ಸ್ಟೀಲ್ ಡ್ರಮ್ಮಲ್ಲಿ ತುಂಬಿಡ್ತಾರೆ, ಒಂದೊಂದು ಡ್ರಮ್ಮೂ ಸುಮಾರು 400 ಕೆಜಿ ತೂಗುತ್ತೆ. ಫಾರ್ವರ್ಡಲ್ಲಿ ಹೇಳೋ ‘ಯುರೇನಿಯಂ’ ಈ ಡ್ರಮ್ಮು. ಇದನ್ನ ಗ್ಯಾಸ್ ಮಾಡಬೇಕು, ಎನ್ರಿಚ್ ಮಾಡಬೇಕು, ಆಮೇಲೆ ಗುಳಿಗೆ ಮಾಡಿ ಕೊಳವೆಗೆ ತುಂಬಬೇಕು. ಕಬ್ಬಿನ ಹಾಲಿಗೂ ಮೈಸೂರು ಪಾಕಿಗೂ ಇರೋ ದೂರ ಅಂದ್ಕೊಳ್ಳಿ.

ಕಂಪನಿ ಹುಟ್ಟಿದ್ದು ಒಂದು ಕಡೆ, ಗಣಿ ಇನ್ನೊಂದು ಕಡೆ

ಯುರೇನಿಯಂ ಒನ್ ಅಮೆರಿಕದ ಕಂಪನಿ ಅಲ್ವೇ ಅಲ್ಲ. ಟೊರಾಂಟೋದಲ್ಲಿ ಆಫೀಸಿದ್ದ ಕೆನಡಾ ಕಂಪನಿ. ಅದರ ದೊಡ್ಡ ಆಸ್ತಿ ಇದ್ದಿದ್ದು ಕಜಾಕಿಸ್ತಾನದಲ್ಲಿ.

ಕೆನಡಾದ ಗಣಿ ಉದ್ಯಮಿ ಫ್ರಾಂಕ್ ಜಿಯಸ್ಟ್ರಾ ಹಣ ಹಾಕಿದ್ದ ಯುರೇಷ್ಯಾ ಎನರ್ಜಿ ಅನ್ನೋ ಕಂಪನಿ 2005ರಲ್ಲಿ ಕಜಾಕಿಸ್ತಾನದ ಯುರೇನಿಯಂ ಗಣಿಗಳಲ್ಲಿ ಪಾಲು ತಗೊಳ್ತು. ಆ ವರ್ಷ ಸೆಪ್ಟೆಂಬರಲ್ಲಿ ಜಿಯಸ್ಟ್ರಾ ಮತ್ತೆ ಹಿಲರಿ ಗಂಡ, ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಇಬ್ಬರೂ ಅಲ್ಲಿನ ಅಲ್ಮಾಟಿ ನಗರದಲ್ಲಿದ್ರು, ಆ ದೇಶದ ಅಧ್ಯಕ್ಷ ನಜರ್‌ಬಾಯೆವ್ ಜೊತೆ ಊಟಾನೂ ಆಯ್ತು. ಆಮೇಲೆ ಕ್ಲಿಂಟನ್ ಕುಟುಂಬದ ದತ್ತಿ ಸಂಸ್ಥೆಯಾದ ಕ್ಲಿಂಟನ್ ಫೌಂಡೇಶನ್‌ಗೆ ಜಿಯಸ್ಟ್ರಾ ಕೊಟ್ಟ ದಾನ 31.3 ಮಿಲಿಯನ್ ಡಾಲರ್, ಜೊತೆಗೆ ಇನ್ನೂ 100 ಮಿಲಿಯನ್ ಕೊಡ್ತೀನಿ ಅಂತ ಮಾತು. ಗಣಿ ಡೀಲಿಗೂ ಕ್ಲಿಂಟನ್‌ಗೂ ಸಂಬಂಧ ಇಲ್ಲ, ಅದು ತಿಂಗಳುಗಟ್ಟಲೆ ಮುಂಚೆಯಿಂದ ನಡೀತಿದ್ದ ಮಾತುಕತೆ ಅಂತ ಜಿಯಸ್ಟ್ರಾ ಹೇಳ್ಕೊಂಡು ಬಂದಿದಾರೆ. 2007ರಲ್ಲಿ ಯುರೇಷ್ಯಾ 3.1 ಬಿಲಿಯನ್ ಡಾಲರ್ ಬೆಲೆಗೆ ಯುರೇನಿಯಂ ಒನ್ ಜೊತೆ ಸೇರ್ಕೊಳ್ತು. ಟೈಮಿಂಗ್ ನೋಡಿ, 2005ರ ಶುರುವಲ್ಲಿ ಪೌಂಡಿಗೆ ಸುಮಾರು 20 ಡಾಲರ್ ಇದ್ದ ಯುರೇನಿಯಂ 2007ರ ಮಧ್ಯದಲ್ಲಿ 130 ದಾಟಿತ್ತು. ಆ ವರ್ಷವೇ ತನ್ನ ಪಾಲು ಮಾರಿ ಹೊರಗೆ ಬಂದೆ ಅಂತ ಜಿಯಸ್ಟ್ರಾ ಹೇಳ್ತಾರೆ, ಅಂದ್ರೆ ರಷ್ಯಾ ಚಿತ್ರಕ್ಕೆ ಬರೋ ಮುಂಚೆ.

ಆ ಕಡೆ ಕಜಾಕಿಸ್ತಾನದಲ್ಲಿ ಗಣಿ ಪಾಲು ಹಂಚಿದ್ದ ಸರ್ಕಾರಿ ಕಂಪನಿ ಕಜಾಟಮ್‌ಪ್ರಾಮ್. ಅದರ ಮುಖ್ಯಸ್ಥ ಮುಖ್ತಾರ್ ಜಾಕಿಶೆವ್‌ನ 2009ರ ಮೇ ತಿಂಗಳಲ್ಲಿ ಅರೆಸ್ಟ್ ಮಾಡಿದ್ರು, ವಿದೇಶಿಯರಿಗೆ ಗಣಿ ಪಾಲು ಅಕ್ರಮವಾಗಿ ಮಾರಿದ ಅಂತ ಆರೋಪ, ಮಾರನೇ ವರ್ಷ 14 ವರ್ಷ ಶಿಕ್ಷೆ. ಇದು ರಾಜಕೀಯ ದ್ವೇಷ ಅಂದವರೂ ಬಹಳ ಜನ. ಆತ ಹೊರಗೆ ಬಂದಿದ್ದು 2020ರಲ್ಲಿ. ನಮಗೂ ಇಲ್ಲೊಂದು ಎಳೆ ಇದೆ, ಅದೇ 2009ರ ಜನವರಿಯಲ್ಲಿ ನಜರ್‌ಬಾಯೆವ್ ನಮ್ಮ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಾಗ ಭಾರತದ ಪರಮಾಣು ವಿದ್ಯುತ್ ನಿಗಮ ಇದೇ ಕಜಾಟಮ್‌ಪ್ರಾಮ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತ್ತು.

ರಷ್ಯಾ ಯಾಕೆ ಕೊಂಡ್ಕೊಳ್ತು

ರಷ್ಯಾ ಹತ್ರ ಎನ್ರಿಚ್ ಮಾಡೋ ಯಂತ್ರಗಳು ಜಗತ್ತಲ್ಲೇ ಜಾಸ್ತಿ, ಆದ್ರೆ ನೆಲದಲ್ಲಿ ಅಗ್ಗವಾಗಿ ಸಿಗೋ ಯುರೇನಿಯಂ ಅಷ್ಟಿಲ್ಲ. ದೊಡ್ಡ ರೈಸ್ ಮಿಲ್ ಇದೆ, ಭತ್ತದ ಗದ್ದೆ ಸಾಲ್ತಿಲ್ಲ ಅನ್ನೋ ಪರಿಸ್ಥಿತಿ. 2010ರಲ್ಲಿ ರಷ್ಯಾ ತೆಗೆದಿದ್ದು ಸುಮಾರು 3,500 ಟನ್, ಕಜಾಕಿಸ್ತಾನ ಸುಮಾರು 17,800 ಟನ್. ರೋಸಾಟಮ್ ಅಂದ್ರೆ ರಷ್ಯಾದ ಸರ್ಕಾರಿ ಪರಮಾಣು ಸಂಸ್ಥೆ, ಅದರ ಗಣಿ ಅಂಗಸಂಸ್ಥೆ 2009ರಲ್ಲಿ ಯುರೇನಿಯಂ ಒನ್‌ನ 17 ಪರ್ಸೆಂಟ್ ತಗೊಳ್ತು, 2010ರಲ್ಲಿ 51ಕ್ಕೆ ಏರಿಸ್ಕೊಳ್ತು, 2013ರಲ್ಲಿ ಪೂರ್ತಿ ನುಂಗ್ತು. ಗುರಿ ಕಜಾಕ್ ಗಣಿಗಳು. ಅಮೆರಿಕದ ಬೋರ್‌ವೆಲ್ಲುಗಳು ಮನೆ ಕೊಂಡಾಗ ಹಿತ್ತಲಲ್ಲಿ ಸಿಕ್ಕ ನುಗ್ಗೆ ಮರದ ಥರ ಜೊತೆಗೆ ಬಂದವು. ಆದ್ರೆ ಹಿತ್ತಲು ಅಮೆರಿಕದ್ದು ಅಲ್ವಾ, ಹಾಗಾಗಿ ಅಮೆರಿಕದ ಒಪ್ಪಿಗೆ ಬೇಕಾಯ್ತು, ರಗಳೆ ಶುರುವಾಗಿದ್ದೇ ಅಲ್ಲಿಂದ.

20 ಪರ್ಸೆಂಟ್ ಅಂದ್ರೆ ಯಾವುದರ 20

ಎಲ್ಲರೂ ಎಡವೋದು ಇಲ್ಲೇ. 20 ಪರ್ಸೆಂಟ್ ಅನ್ನೋದು ಗಾಳಿಯಿಂದ ಬಂದ ನಂಬರ್ ಅಲ್ಲ, 2010ರ ಸುಮಾರಿಗೆ ಅಮೆರಿಕದಲ್ಲಿ ಲೈಸೆನ್ಸ್ ಇದ್ದ ಬೋರ್‌ವೆಲ್ ಮಾದರಿ ಗಣಿಗಳ ಉತ್ಪಾದನಾ ಸಾಮರ್ಥ್ಯದಲ್ಲಿ ಯುರೇನಿಯಂ ಒನ್ ಪಾಲು ಸುಮಾರು 20 ಇತ್ತು. ಸಾಮರ್ಥ್ಯ ಅಂದೆ ನೋಡಿ. ಸಾವಿರ ಜನ ಕೂತು ಉಣ್ಣೋ ಛತ್ರ ಇದೆ ಅಂದ ಮಾತ್ರಕ್ಕೆ ದಿನಾ ಸಾವಿರ ಎಲೆ ಬೀಳಲ್ಲ. 2011ರ ಮಾರ್ಚಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆದ ಮೇಲೆ ಯುರೇನಿಯಂ ಬೆಲೆ ಇಳಿದೂ ಇಳಿದೂ 2016ರ ಕೊನೆಗೆ ಪೌಂಡಿಗೆ 20 ಡಾಲರಿಗಿಂತ ಕೆಳಗೆ ಬಂತು, ವಯೋಮಿಂಗಿನ ಬೋರ್‌ವೆಲ್ಲುಗಳಲ್ಲಿ ಎಷ್ಟೋ ನಿಂತೇ ಹೋದವು.

ಇನ್ನೊಂದು ವಿಷಯ, ಆ 20 ಪರ್ಸೆಂಟ್ ಅಮೆರಿಕದ ಒಟ್ಟು ಯುರೇನಿಯಂ ದಾಸ್ತಾನಿನದ್ದಲ್ಲ, ಬಾಂಬಿನ ಸಾಮಾನಂತೂ ಅಲ್ವೇ ಅಲ್ಲ. ಅಮೆರಿಕದ ರಿಯಾಕ್ಟರುಗಳು ಸುಡೋ ಯುರೇನಿಯಂನಲ್ಲಿ ಬಹುಪಾಲು ಹೊರದೇಶದಿಂದಲೇ ಬರೋದು. ಇಡೀ ಜಗತ್ತಿನ ಉತ್ಪಾದನೆಯಲ್ಲಿ ಅಮೆರಿಕದ ಪಾಲು ಆ ಹೊತ್ತಿಗೆ ಸುಮಾರು 3 ಪರ್ಸೆಂಟ್.

ಒಪ್ಪಿಗೆ ಕೊಟ್ಟಿದ್ಯಾರು

ವಿದೇಶಿ ಕಂಪನಿ ಅಮೆರಿಕದ ಸೂಕ್ಷ್ಮ ಆಸ್ತಿ ಕೊಳ್ಳೋಕೆ ಹೊರಟ್ರೆ ಫೈಲು ಸಿಫಿಯಸ್ ಅನ್ನೋ ಸಮಿತಿಗೆ ಹೋಗುತ್ತೆ. ಒಂಬತ್ತು ಇಲಾಖೆ ಮತ್ತೆ ಕಚೇರಿಗಳು ಸೇರಿರೋ ಸಮಿತಿ ಇದು: ಖಜಾನೆ, ರಕ್ಷಣೆ, ಇಂಧನ, ನ್ಯಾಯ, ವಾಣಿಜ್ಯ, ಗೃಹ ಭದ್ರತೆ, ವಿದೇಶಾಂಗ, ಜೊತೆಗೆ ಶ್ವೇತಭವನದ ಎರಡು ಕಚೇರಿ. ಮುಖ್ಯಸ್ಥಿಕೆ ಖಜಾನೆಯದ್ದು. ಹಿಲರಿ ಆಗ ವಿದೇಶಾಂಗ ಕಾರ್ಯದರ್ಶಿ (ನಮ್ಮ ಲೆಕ್ಕದಲ್ಲಿ ವಿದೇಶಾಂಗ ಮಂತ್ರಿ), ಅಂದ್ರೆ ಒಂಬತ್ತು ಟೇಬಲ್ಲಲ್ಲಿ ಒಂದು ಟೇಬಲ್ ಅವರ ಇಲಾಖೆದು. ಯಾವುದೇ ಒಂದು ಇಲಾಖೆಗೆ ಡೀಲ್ ನಿಲ್ಲಿಸೋ ಅಧಿಕಾರ ಇಲ್ಲ, ತಕರಾರು ಬಿದ್ರೆ ಅಧ್ಯಕ್ಷರ ಹತ್ರ ಹೋಗುತ್ತೆ, ತಡೆಯೋ ಅಧಿಕಾರ ಇರೋದು ಅವರೊಬ್ಬರಿಗೇ. ಸಮಿತಿ 2010ರ ಅಕ್ಟೋಬರಲ್ಲಿ ಓಕೆ ಅಂತು. ವಿದೇಶಾಂಗ ಇಲಾಖೆ ಪರವಾಗಿ ಕೂತಿದ್ದ ಅಧಿಕಾರಿ ಹೋಸೆ ಫರ್ನಾಂಡೆಜ್, ಸಿಫಿಯಸ್ ವಿಷಯದಲ್ಲಿ ಹಿಲರಿ ಯಾವತ್ತೂ ಮಧ್ಯೆ ಬಂದಿಲ್ಲ ಅಂತ ಆಮೇಲೆ ಹೇಳಿದ್ರು. ಗಣಿ ಲೈಸೆನ್ಸ್ ವರ್ಗಾವಣೆಗೆ ಬೇರೆ ಒಪ್ಪಿಗೆ ಬೇಕಿತ್ತು, ಅದನ್ನ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ ಅನ್ನೋ ಸ್ವತಂತ್ರ ಸಂಸ್ಥೆ ನವೆಂಬರ್ 24ಕ್ಕೆ ಕೊಡ್ತು.

ಒಪ್ಪಿಗೆ ಸಿಕ್ತು ಅಂದ್ರೆ ಡ್ರಮ್ಮು ಎತ್ತಿ ಮಾಸ್ಕೋಗೆ ಹೊತ್ಕೊಂಡು ಹೋಗಬಹುದಾ? ಇಲ್ಲ. ಕೊಡಗಲ್ಲಿ ನೀವು ಎಸ್ಟೇಟ್ ಕೊಂಡ್ರಿ ಅಂತಿಟ್ಕೊಳ್ಳಿ, ಒಳಗೆ ಬೀಟೆ ಮರ ಇದೆ. ಜಾಗ ನಿಮ್ಮದಾದ್ರೂ ಫಾರೆಸ್ಟ್ ಡಿಪಾರ್ಟ್‌ಮೆಂಟ್ ಪರ್ಮಿಷನ್ ಇಲ್ದೆ ಒಂದು ದಿಮ್ಮಿ ಗೇಟ್ ದಾಟಲ್ಲ. ಇಲ್ಲೂ ಹಾಗೆ, ರಫ್ತಿಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಯುರೇನಿಯಂ ಒನ್‌ಗೂ ಅದರ ರಷ್ಯನ್ ಮಾಲೀಕರಿಗೂ ಅದು ಇರಲಿಲ್ಲ.

ಆದ್ರೆ ‘ಒಂದು ಚಮಚಾನೂ ಆಚೆ ಹೋಗಿಲ್ಲ’ ಅಂತ ಹಿಲರಿ ಕಡೆಯವರು ಹೇಳೋದೂ ಸರಿ ಇಲ್ಲ. 2012ರಲ್ಲಿ ಒಂದು ಸಾಗಾಣಿಕೆ ಕಂಪನಿ ತನ್ನ ರಫ್ತು ಲೈಸೆನ್ಸಿಗೆ ಸರಕು ಕೊಡೋರ ಪಟ್ಟಿಯಲ್ಲಿ ಯುರೇನಿಯಂ ಒನ್ ಹೆಸರು ಸೇರಿಸ್ಕೊಳ್ತು. ಬೇರೆಯವರ ಪಾಸ್ ಇರೋ ಲಾರಿಯಲ್ಲಿ ನಿಮ್ಮ ದಿಮ್ಮಿ ಹೋದ ಹಾಗೆ, ಕಾನೂನು ಪ್ರಕಾರ ತಪ್ಪಿಲ್ಲ, ಯೆಲ್ಲೋಕೇಕ್ ಕೆನಡಾಗೆ ಹೋಯ್ತು, ಸ್ವಲ್ಪ ಪಾಲು ಅಲ್ಲಿಂದ ಯುರೋಪಿಗೂ ಹೋಯ್ತು. ರಷ್ಯಾಗೆ ಕಳಿಸೋ ಪರ್ಮಿಟ್ ಇರಲಿಲ್ಲ. ಆದ್ರೆ ಆಚೆ ಹೋಗೋದೇ ಇಲ್ಲ ಅನ್ನೋ ಭರವಸೆ ಕೇಳಿ ಸುಮ್ಮನಾಗಿದ್ದ ಸಂಸದರಿಗೆ ಇದು 2015ರ ಮೇಲೆ ಗೊತ್ತಾದಾಗ ಉರೀತು, ಉರಿಯೋದೂ ನ್ಯಾಯಾನೇ.

ದಾನದ ದುಡ್ಡು

2015ರ ಏಪ್ರಿಲಲ್ಲಿ ನ್ಯೂಯಾರ್ಕ್ ಟೈಮ್ಸ್ ದೊಡ್ಡ ವರದಿ ಹಾಕ್ತು. ಯುರೇನಿಯಂ ಒನ್ ಚೇರ್ಮನ್ ಇಯಾನ್ ಟೆಲ್ಫರ್ ತನ್ನ ಕುಟುಂಬದ ಟ್ರಸ್ಟ್ ಮೂಲಕ ಕ್ಲಿಂಟನ್ ಫೌಂಡೇಶನ್ ಕಡೆಗೆ 2.35 ಮಿಲಿಯನ್ ಡಾಲರ್ ಕೊಟ್ಟಿದ್ರು, ದಾನಿಗಳ ಹೆಸರೆಲ್ಲ ಬಹಿರಂಗ ಮಾಡ್ತೀವಿ ಅಂತ ಹಿಲರಿ ಮಂತ್ರಿ ಆಗೋ ಮುಂಚೆ ಒಬಾಮ ತಂಡಕ್ಕೆ ಫೌಂಡೇಶನ್ ಮಾತು ಕೊಟ್ಟಿದ್ರೂ ಈ ದಾನ ಬಹಿರಂಗ ಆಗಿರಲಿಲ್ಲ. ದುಡ್ಡು ಹೋಗಿದ್ದು ಕೆನಡಾದ ಸಹಸಂಸ್ಥೆಗೆ, ಅಲ್ಲಿನ ಕಾನೂನು ಬೇರೆ ಅಂತ ಫೌಂಡೇಶನ್ ಸಮಜಾಯಿಷಿ. ಇನ್ನೊಂದು, 2010ರ ಜೂನಲ್ಲಿ, ಅಂದ್ರೆ 51 ಪರ್ಸೆಂಟ್ ಡೀಲ್ ಘೋಷಣೆ ಆದ ತಿಂಗಳಲ್ಲೇ, ಬಿಲ್ ಕ್ಲಿಂಟನ್ ಮಾಸ್ಕೋದಲ್ಲಿ ಒಂದು ಭಾಷಣಕ್ಕೆ 5 ಲಕ್ಷ ಡಾಲರ್ ತಗೊಂಡ್ರು, ಕೊಟ್ಟಿದ್ದು ರೆನೈಸಾನ್ಸ್ ಕ್ಯಾಪಿಟಲ್ ಅನ್ನೋ ಹೂಡಿಕೆ ಬ್ಯಾಂಕು.

ಇಷ್ಟು ಸತ್ಯ, ದಾಖಲೆಯಲ್ಲಿದೆ. ಈ ದುಡ್ಡಿಗಾಗಿ ಆ ಒಪ್ಪಿಗೆ ಸಿಕ್ತು ಅನ್ನೋದಕ್ಕೆ ಪುರಾವೆ ಇಲ್ಲ, ಅದನ್ನ ಟೈಮ್ಸ್ ವರದಿಯೂ ಸಾಬೀತಾಗಿದೆ ಅಂತ ಹೇಳಿರಲಿಲ್ಲ. ತಹಶೀಲ್ದಾರ್ ಮನೆಯವರ ಟ್ರಸ್ಟಿಗೆ ಕಂಟ್ರಾಕ್ಟರ್ ದೇಣಿಗೆ ಕೊಟ್ರೆ ಊರಲ್ಲಿ ನಾಲ್ಕು ಜನ ಮಾತಾಡೇ ಮಾತಾಡ್ತಾರೆ, ಮಾತಾಡೋದು ತಪ್ಪೂ ಅಲ್ಲ, ಆದ್ರೆ ಅದೊಂದನ್ನೇ ಇಟ್ಕೊಂಡು ಕೋರ್ಟಲ್ಲಿ ಕೇಸ್ ನಿಲ್ಲಲ್ಲ. ಇದಕ್ಕೆ ಹಿತಾಸಕ್ತಿ ಸಂಘರ್ಷ ಅಂತಾರೆ, ಲಂಚ ಬೇರೆ, ಇದು ಬೇರೆ.

ಲಂಚ ನಿಜಕ್ಕೂ ಸಿಕ್ಕಿದ್ದು ಲಾರಿ ಲೆಕ್ಕದಲ್ಲಿ

ಈಗ ಬರೋದು ಯಾರೂ ಫಾರ್ವರ್ಡ್ ಮಾಡದ ಭಾಗ.

1993ರಲ್ಲಿ ಅಮೆರಿಕ, ರಷ್ಯಾ ಮಧ್ಯೆ ಒಂದು ಒಪ್ಪಂದ ಆಗಿತ್ತು. ಸೋವಿಯತ್ ಕಾಲದ ಸುಮಾರು 20,000 ಅಣುಬಾಂಬಿನಷ್ಟು ಯುರೇನಿಯಂ, ಅಂದ್ರೆ 500 ಟನ್, ಅದನ್ನ ನೀರು ಬೆರೆಸಿದ ಮಜ್ಜಿಗೆ ಥರ ತೆಳು ಮಾಡಿ ರಿಯಾಕ್ಟರ್ ಇಂಧನವಾಗಿ ಅಮೆರಿಕಕ್ಕೆ ಮಾರೋದು. 2013ರವರೆಗೆ ನಡೀತು, ಆ ಕಾಲದಲ್ಲಿ ಅಮೆರಿಕದ ಒಟ್ಟು ಕರೆಂಟಲ್ಲಿ ಸುಮಾರು 10 ಪರ್ಸೆಂಟ್ ಇದರಿಂದಲೇ ಬರ್ತಿತ್ತು. ಹಿಲರಿ ಫಾರ್ವರ್ಡ್ ಓದಿ ಗಾಬರಿ ಬೀಳೋ ಮುಂಚೆ ಇದು ತಲೆಯಲ್ಲಿರ್ಲಿ, ಎಷ್ಟೋ ವರ್ಷ ಅಮೆರಿಕನ್ನರ ಫ್ರಿಜ್ಜು ಓಡಿದ್ದೇ ಅವರ ಮೇಲೆ ಗುರಿ ಇಟ್ಟಿದ್ದ ಬಾಂಬುಗಳಿಂದ.

ಮಾರ್ತಿದ್ದದ್ದು ರೋಸಾಟಮ್‌ನ ಟೆನೆಕ್ಸ್ ಅನ್ನೋ ಕಂಪನಿ. ಸಾಗಿಸೋ ಕಂಟ್ರಾಕ್ಟ್ ಮೇರಿಲ್ಯಾಂಡ್ ರಾಜ್ಯದ ಟಿಎಲ್ಐ ಅನ್ನೋ ಸಣ್ಣ ಕಂಪನಿಗೆ. ಟೆನೆಕ್ಸ್ ಕಡೆ ಅಧಿಕಾರಿ ವಾಡಿಮ್ ಮಿಕೆರಿನ್, ಆಮೇಲೆ ಅದರ ಅಮೆರಿಕ ಶಾಖೆ ಟೆನಾಮ್‌ಗೆ ಅಧ್ಯಕ್ಷ. ಕಂಟ್ರಾಕ್ಟ್ ಬೇರೆಯವರ ಕೈಗೆ ಹೋಗಬಾರದು ಅಂದ್ರೆ ಅವನಿಗೆ ಕಪ್ಪ ಸಲ್ಲಿಸಬೇಕು.

ಮಾಡಿದ್ದು ಹೇಗೆ ಅಂದ್ರೆ, ಟಿಎಲ್ಐ ಸಾಗಾಣಿಕೆ ಬಿಲ್ ಮಾಡುವಾಗಲೇ ಲಂಚದ ಮೊತ್ತಾನೂ ಸೇರಿಸಿ ಬಿಲ್ ಮಾಡ್ತಿತ್ತು. ಉದಾಹರಣೆಗೆ 100 ರೂಪಾಯಿ ಬಾಡಿಗೆ ಇದ್ರೆ 105 ಅಂತ. ಟೆನೆಕ್ಸ್ 105 ಕೊಡೋದು, ಆಮೇಲೆ ಮಾಡದೇ ಇರೋ ಕೆಲಸಕ್ಕೆ ಟೆನೆಕ್ಸ್ ಹೆಸರಲ್ಲೇ ಒಂದು ಸುಳ್ಳು ಇನ್‌ವಾಯ್ಸ್ ತಯಾರಾಗೋದು, ಆ ಇನ್‌ವಾಯ್ಸ್ ತೋರಿಸಿ 5 ರೂಪಾಯಿ ಸೈಪ್ರಸ್, ಲಾಟ್ವಿಯಾ, ಸ್ವಿಟ್ಜರ್ಲೆಂಡಿನ ಬೇನಾಮಿ ಕಂಪನಿಗಳ ಅಕೌಂಟಿಗೆ ಹೋಗೋದು. ಇಮೇಲಲ್ಲಿ ಲಂಚ ಅಂತ ಬರೆಯೋ ಹಾಗಿಲ್ವಲ್ಲ, ಅದಕ್ಕೆ ‘ಲಕ್ಕಿ ಫಿಗರ್ಸ್’, ‘ಲಕ್ಕಿ ನಂಬರ್ಸ್’, ‘ಕೇಕ್’ ಅಂತ ಬರ್ಕೊಳ್ತಿದ್ರು. ನಮ್ಮಲ್ಲಿ ‘ಕಾಫಿ ತಿಂಡಿಗೆ’ ಅಂತಾರೆ, ಅಲ್ಲಿ ಕೇಕ್. 2004ರಿಂದ 2014ರವರೆಗೆ ಹೀಗೆ ಸರಿದ ದುಡ್ಡು 21 ಲಕ್ಷ ಡಾಲರಿಗೂ ಜಾಸ್ತಿ.

ಇಲ್ಲಿ ಮೋಸ ಹೋಗಿದ್ದು ಯಾರು ಅಂತ ಮಾವ ಕೇಳಿದ್ರು. ಜೇಬು ಹರಿದಿದ್ದು ಟೆನೆಕ್ಸ್‌ದೇ, ಅಂದ್ರೆ ರಷ್ಯಾ ಸರ್ಕಾರದ ಕಂಪನಿ. ತನ್ನ ನೌಕರನಿಗೆ ಸೇರೋ ಲಂಚಾನ ತಾನೇ ಬಾಡಿಗೆ ರೂಪದಲ್ಲಿ ಕಟ್ತಿತ್ತು. ಹಾಗಾದ್ರೆ ಅಮೆರಿಕಕ್ಕೆ ಯಾಕೆ ತಲೆನೋವು? 1977ರಿಂದ ಅಲ್ಲೊಂದು ಕಾನೂನಿದೆ, ಅಮೆರಿಕದ ಕಂಪನಿ ವಿದೇಶಿ ಸರ್ಕಾರಿ ಅಧಿಕಾರಿಗೆ ಬಿಸಿನೆಸ್‌ಗಾಗಿ ಲಂಚ ಕೊಟ್ರೆ ಅಪರಾಧ. ಟೆನೆಕ್ಸ್ ಸರ್ಕಾರಿ ಕಂಪನಿ ಆದ್ದರಿಂದ ಮಿಕೆರಿನ್ ‘ವಿದೇಶಿ ಅಧಿಕಾರಿ’ ಆದ.

ಅವನನ್ನ 2014ರಲ್ಲಿ ಹಿಡಿದ್ರು, 2015ರ ಆಗಸ್ಟಲ್ಲಿ ಹಣ ಅಕ್ರಮ ವರ್ಗಾವಣೆ ಸಂಚಿನ ತಪ್ಪು ಒಪ್ಕೊಂಡ, ಡಿಸೆಂಬರಲ್ಲಿ 48 ತಿಂಗಳ ಜೈಲು. ಟಿಎಲ್ಐಗೆ ಇಬ್ಬರು ಜಂಟಿ ಅಧ್ಯಕ್ಷರು, ಒಬ್ಬ ಡ್ಯಾರೆನ್ ಕಾಂಡ್ರಿ, ಅವನೂ ತಪ್ಪು ಒಪ್ಕೊಂಡ. ಇನ್ನೊಬ್ಬ ಮಾರ್ಕ್ ಲ್ಯಾಂಬರ್ಟ್ ವಿಚಾರಣೆ ಎದುರಿಸಿ 2019ರಲ್ಲಿ ಅಪರಾಧಿ ಅಂತ ತೀರ್ಪಾಯ್ತು, ಅವನಿಗೂ 48 ತಿಂಗಳು. ಕಂಪನಿ 20 ಲಕ್ಷ ಡಾಲರ್ ದಂಡ ಕಟ್ತು.

ಎರಡು ಕಥೆ ಅಂಟ್ಕೊಂಡಿದ್ದು ಹೇಗೆ

ಲಾರಿ ಲಂಚಕ್ಕೂ ಯುರೇನಿಯಂ ಒನ್ ಖರೀದಿಗೂ ಇರೋ ನಂಟು ಒಂದೇ, ಎರಡರ ತುದಿಯಲ್ಲೂ ರೋಸಾಟಮ್. ಆದ್ರೆ ಟೀಕೆ ಮಾಡೋರು ಎತ್ತಿದ ಒಂದು ಪ್ರಶ್ನೆಯಲ್ಲಿ ಹುರುಳಿದೆ. ಟೆನೆಕ್ಸ್ ಒಳಗೇ ಸಲಹೆಗಾರನಾಗಿ ಕೆಲಸ ಮಾಡ್ತಿದ್ದ ಒಬ್ಬ ಮಾಹಿತಿದಾರ ಎಫ್‌ಬಿಐಗೆ ಸುದ್ದಿ ಮುಟ್ಟಿಸ್ತಿದ್ದ, 2010ರಲ್ಲಿ ಸಿಫಿಯಸ್ ಒಪ್ಪಿಗೆ ಕೊಡೋ ಹೊತ್ತಿಗೆ ತನಿಖೆ ನಡೀತಾ ಇತ್ತು. ಹಾಗಿದ್ರೆ ಆ ಒಂಬತ್ತು ಟೇಬಲ್ಲಿಗೆ ಈ ವಿಷಯ ಯಾಕೆ ಮುಟ್ಟಲಿಲ್ಲ? 2017ರ ಕೊನೆಯಲ್ಲಿ ಅಮೆರಿಕದ ಸಂಸತ್ತಿನ (ಅಲ್ಲಿ ಅದಕ್ಕೆ ಕಾಂಗ್ರೆಸ್ ಅಂತಾರೆ) ಸಮಿತಿಗಳು ಇದನ್ನೇ ಹಿಡ್ಕೊಂಡ್ವು.

ಅಷ್ಟರಲ್ಲಿ 2016ರ ಚುನಾವಣೆಯಲ್ಲಿ ಟ್ರಂಪ್ ವೇದಿಕೆ ವೇದಿಕೆ ಮೇಲೂ 20 ಪರ್ಸೆಂಟ್ ಅಂತ ಹೇಳಿ ಹೇಳಿ ಅದು ಗಾದೆ ಥರ ಆಗಿಹೋಗಿತ್ತು. ಟ್ರಂಪ್ ಸರ್ಕಾರದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್, ಉಟಾ ರಾಜ್ಯದ ಫೆಡರಲ್ ಪ್ರಾಸಿಕ್ಯೂಟರ್ ಜಾನ್ ಹ್ಯೂಬರ್‌ಗೆ ಇದನ್ನೂ ಸೇರಿಸಿ ಕೆಲವು ವಿಷಯ ಪರಿಶೀಲಿಸೋಕೆ ಹೇಳಿದ್ರು. ಎರಡು ವರ್ಷ ನೋಡಿದ ಮೇಲೆ ಯಾರ ಮೇಲೂ ಕೇಸ್ ಹಾಕೋವಷ್ಟು ಏನೂ ಸಿಗಲಿಲ್ಲ ಅಂತ 2020ರ ಜನವರಿಯಲ್ಲಿ ಸುದ್ದಿ ಬಂತು. ಹಿಲರಿ ಎದುರಾಳಿಗಳ ಸರ್ಕಾರವೇ ನಡೆಸಿದ ಪರಿಶೀಲನೆ ಇದು. ಡಲ್ಲಾಸ್ ಕಸಿನ್‌ಗೆ ಇದನ್ನ ಕಳಿಸಿದೆ, ಬ್ಲೂ ಟಿಕ್ ಬಂದಿದೆ.

ಈಗ ಆ ಬೋರ್‌ವೆಲ್ಲುಗಳು

2021ರ ಕೊನೆಯಲ್ಲಿ ರೋಸಾಟಮ್ ಅಮೆರಿಕದ ಆಸ್ತಿನೆಲ್ಲ ಯುರೇನಿಯಂ ಎನರ್ಜಿ ಅನ್ನೋ ಟೆಕ್ಸಾಸ್ ಕಂಪನಿಗೆ 112 ಮಿಲಿಯನ್ ಡಾಲರಿಗೆ ಮಾರಿ ಎದ್ದು ಹೋಯ್ತು. ಕಜಾಕ್ ಗಣಿಗಳ ವ್ಯವಹಾರ ಉಳಿಸ್ಕೊಳ್ತು, ಮೊದಲಿಂದ ಬೇಕಾಗಿದ್ದೂ ಅದೇ ಅಲ್ವಾ. ನಿಜವಾದ ಅವಲಂಬನೆ ಇದ್ದಿದ್ದು ಬೇರೆ ಕಡೆ, ಎನ್ರಿಚ್ ಮಾಡಿದ ಯುರೇನಿಯಂನಲ್ಲಿ. ಉಕ್ರೇನ್ ಯುದ್ಧ ಶುರುವಾದ ಮೇಲೂ ಅಮೆರಿಕದ ರಿಯಾಕ್ಟರುಗಳು ಅದರಲ್ಲಿ ಸುಮಾರು ಕಾಲು ಭಾಗ ರಷ್ಯಾದಿಂದಲೇ ತರಿಸ್ಕೊಳ್ತಿದ್ವು. 2024ರ ಮೇನಲ್ಲಿ ಬೈಡನ್ ಆಮದು ನಿಷೇಧಕ್ಕೆ ಸಹಿ ಹಾಕಿದ್ರು, ಬೇರೆ ದಾರಿ ಇಲ್ದವರಿಗೆ 2027ರ ಕೊನೆವರೆಗೆ ವಿನಾಯಿತಿ ಇಟ್ಟು.

ವಯೋಮಿಂಗಿನ ಕ್ರಿಸ್ಟೆನ್ಸನ್ ರಾಂಚ್ ಬೋರ್‌ವೆಲ್ಲುಗಳಲ್ಲಿ 2024ರ ಆಗಸ್ಟಿಂದ ಮತ್ತೆ ನೀರು ಬಿಟ್ಟಿದಾರೆ. ಮಾಲೀಕರು ಈಗ ಅಮೆರಿಕದವರು, ಅದೇ ಡಿಕಾಕ್ಷನ್, ಅದೇ ಡ್ರಮ್ಮು. ಫಾರ್ವರ್ಡ್ ಮಾತ್ರ ಇನ್ನೂ 2016ರದ್ದೇ ಓಡ್ತಿದೆ, ಇವತ್ತು ಬೆಳಿಗ್ಗೆ ಮಾವನಿಗೆ ವಾಕಿಂಗ್ ಗ್ರೂಪಿಂದ ಮತ್ತೆ ಬಂತಂತೆ, ಈ ಸಲ ‘ಬ್ರೇಕಿಂಗ್’ ಅಂತ ಬೇರೆ ಸೇರಿಸಿ.